ನ್ಯೂಜೆರ್ಸಿಯಿಂದ ತರಿಸಿದ ಐ.ಎಸ್.ಡಿ.ಎನ್. ಡಬ್ಬಿ

ನನ್ನ ಹೆಂಡತಿ ಸುಮಂಗಲಾ ಲಂಡನ್ನಿನ ಒಂದು ಪತ್ರಿಕೆಗೆ ಪುಟ ಕಟ್ಟುವ ಕೆಲಸ ಮಾಡುತ್ತಿದ್ದಳು. ಲಂಡನ್ನಿನ ದಕ್ಷಿಣದ ಅಂಚಿನಲ್ಲಿದ್ದ ಸಟನ್ನಿನ ನಮ್ಮ ಮನೆಯಿಂದ ಬೆಳಿಗ್ಗೆ ಏಳಕ್ಕೇ ಹೊರಟು ರೈಲು ಹಿಡಿಯಬೇಕು. ಆರು ವರ್ಷದ ಮಗಳು ಅನಘಾ ಶಾಲೆ ಬಿಟ್ಟ ಮೇಲೆ ಪಕ್ಕದ ಮನೆಯಲ್ಲಿ ಕೂತು ಅಮ್ಮನ ದಾರಿ ಕಾಯುತ್ತಿದ್ದಳು. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ಕಾಲದಲ್ಲಿ ಆಫೀಸಿನವರು ದೊಡ್ಡ ಮನಸ್ಸು ಮಾಡಿದರು. ಮನೆಗೆ ಐ.ಎಸ್.ಡಿ.ಎನ್. ಎಂಬ ವೇಗದ ಟೆಲಿಫೋನ್ ಲೈನು ಹಾಕಿಸಿಕೊಂಡು, ಸೋಮವಾರ ಮಧ್ಯಾಹ್ನ ಹನ್ನೆರಡರೊಳಗೆ ಒಂದು ಪುಟವನ್ನು ಮನೆಯಿಂದಲೇ ಕಳಿಸಿ ತೋರಿಸಿದರೆ, ವಾರಕ್ಕೆ ಮೂರು ದಿನ ಮನೆಯಲ್ಲೇ ಕೆಲಸ ಮಾಡಬಹುದು ಎಂದರು.

ಲೈನು ಬಂತು. ಟೆಲಿಫೋನ್ ಕಂಪನಿಯ ಮನುಷ್ಯ ಗೋಡೆಗೆ ಒಂದು ಬಿಳಿ ಡಬ್ಬಿ ಬಡಿದು, ಮನೆಯ ಫೋನನ್ನೂ ಅದಕ್ಕೇ ಸಿಕ್ಕಿಸಿ, "ಇದು ಕಂಪನಿಯ ಆಸ್ತಿ, ದಯವಿಟ್ಟು ಮುಟ್ಟಬೇಡಿ" ಎಂದು ಹೇಳಿ ಹೋದ. ಉಳಿದದ್ದು ಕಂಪ್ಯೂಟರನ್ನು ಆ ಲೈನಿಗೆ ಜೋಡಿಸಲು ಅದರೊಳಗೆ ಹಾಕುವ ಒಂದು ಕಾರ್ಡು.

"ಆಫೀಸಿನವ್ರು ಕಾರ್ಡು ತಾವ ಕೊಡ್ತಾರ. ಸುಮ್ನ ಹಾಕ್ಕೊಂಡ್ರಾತು," ಎಂದಳು ಸುಮಂಗಲಾ.

"ಹೋಲಿಸಿ ನೋಡಲಾರದ ಏನೂ ತೊಗೋಬಾರದು," ಎಂದೆ. ನಾನು ಆಸ್ಪತ್ರೆಯೊಂದರ ಉಗ್ರಾಣದಲ್ಲಿದ್ದವನು. ಬೆಡ್‌ಪ್ಯಾನ್ ಕೊಳ್ಳುವುದಿದ್ದರೂ ಮೂರು ಕಡೆಯ ವಿವರ ತರಿಸಿ ಹೋಲಿಸುವುದು ನನ್ನ ವೃತ್ತಿಧರ್ಮ.

"ನೀವು ಹೋಲಿಸಿ ತಂದ ಕುಕ್ಕರ್ ಇನ್ನೂ ಒಂದು ಸೀಟಿ ಹೊಡದಿಲ್ಲ," ಎಂದು ಅವಳು ಒಳಗೆ ಹೋದಳು.

ನಾನು ಶಾಸ್ತ್ರೋಕ್ತವಾಗಿ ಪಟ್ಟಿ ಮಾಡಿದೆ. ಎಡಕ್ಕೆ ಯುರೋಪು, ಬಲಕ್ಕೆ ಅಮೆರಿಕ. ಯುರೋಪಿನದು ಬಡಪಾಯಿ ಕಾರ್ಡು, ಒಂದೇ ತೂತು. ಅಮೆರಿಕದ್ದು ಹೊರಗಿಡುವ ಪೆಟ್ಟಿಗೆ, ನಾಲ್ಕು ದೀಪ, ಎರಡು ಫೋನಿನ ತೂತು, ಮೇಲಾಗಿ ಲೈನಿನ ಕೊನೆಯಲ್ಲಿ ಬೇಕಾಗುವ ಇನ್ನೊಂದು ಯಂತ್ರ ಅದರ ಹೊಟ್ಟೆಯಲ್ಲೇ ಇದೆ. ಆ ಇನ್ನೊಂದು ಯಂತ್ರ ಏನು ಎಂದು ನಾನು ಕೇಳಿಕೊಳ್ಳಲಿಲ್ಲ. ಹೆಚ್ಚಿಗೆ ಇದೆಯಲ್ಲ, ಅಷ್ಟು ಸಾಕಾಗಿತ್ತು. ಆಫೀಸಿನ ಕಾರ್ಡು ಬೇಡವೆಂದು ಸುಮಂಗಲಾಳ ಕೈಯಲ್ಲೇ ಹೇಳಿಸಿದೆ.

ಏನಾದರೂ ಬೇಕಾದರೆ ನಮ್ಮವರು ಅಂಗಡಿಗಿಂತ ಮೊದಲು ಕೇಳುವುದು, ಆ ಕಡೆಯಿಂದ ಯಾರಾದರೂ ಬರುವವರಿದ್ದಾರೆಯೇ ಎಂದು. ನ್ಯೂಜೆರ್ಸಿಯಲ್ಲಿದ್ದ ನನ್ನ ಕಾಕಾನ ಮಗ ಪ್ರಾಣೇಶನಿಗೆ ಫೋನ್ ಮಾಡಿದೆ. ಬೆಳಗಾವಿಗೆ ಹೊರಟಿದ್ದ ಒಬ್ಬ ದೇಸಾಯರು ಹೀಥ್ರೂದಲ್ಲಿ ವಿಮಾನ ಬದಲಿಸುವವರಿದ್ದರು. ಶನಿವಾರ ಹೋಗಿ ನಿಂತೆ. ದೇಸಾಯರು ಸ್ವೆಟರಿನಲ್ಲಿ ಸುತ್ತಿದ್ದ ಪೆಟ್ಟಿಗೆಯನ್ನು ಕೈಗಿಟ್ಟು, "ತೂಕ ಭಾಳ ಆಗ್ತಿತ್ರೀ, ಅದರ ಜೋಡಿ ಇದ್ದ ಪುಸ್ತಕ ಎಲ್ಲಾ ಅಲ್ಲೇ ಬಿಟ್ಟು ಬಂದೀವಿ," ಎಂದರು. ಪರವಾಗಿಲ್ಲ, ಪುಸ್ತಕ ಓದಿ ಯಂತ್ರ ಹಚ್ಚುವವರು ಬೇರೆ, ಎಂದುಕೊಂಡೆ.

ಭಾನುವಾರ ಹಚ್ಚಿದೆ. ಅಮೆರಿಕದ ಕರೆಂಟಿಗೂ ಇಲ್ಲಿನ ಕರೆಂಟಿಗೂ ಅರ್ಧಕ್ಕರ್ಧ ವ್ಯತ್ಯಾಸ ಎಂಬುದು ನನಗೆ ಗೊತ್ತಿರಲಿಲ್ಲವೆಂದಲ್ಲ. ಆ ಹೊತ್ತಿಗೆ ನೆನಪಾಗಲಿಲ್ಲ.

"ಅಪ್ಪಾ, ಇಟ್ಸ್ ಸ್ಮೋಕಿಂಗ್," ಎಂದಳು ಅನಘಾ ಶಾಂತವಾಗಿ.

ಸುಟ್ಟದ್ದು ಅಡಾಪ್ಟರ್ ಮಾತ್ರ. ಬೇರೆಯದನ್ನು ತರಲು, ನಮ್ಮ ಕಡೆಯವರ ಅಂಗಡಿ, ಹೋಟೆಲುಗಳೇ ತುಂಬಿರುವ ಟೂಟಿಂಗ್‌ಗೆ ಓಡಿದೆ. ಅಲ್ಲಿಗೆ ಹೋದವನು ದೋಸೆ ತಿನ್ನದೆ ಬರುವಂತಿಲ್ಲ. ಮನೆ ಸೇರುವಾಗ ಸಂಜೆಯಾಗಿತ್ತು.

ಸೋಮವಾರ ರಜೆ ಹಾಕಿ ಒಂಬತ್ತಕ್ಕೆ ಕೂತೆ. ಪೆಟ್ಟಿಗೆಯ ನಾಲ್ಕು ದೀಪವೂ ಮಿನುಗಿದವು, ಪುಟ ಮಾತ್ರ ಹೋಗಲಿಲ್ಲ. ಕಂಪ್ಯೂಟರು, ನಿಮ್ಮ ಟೆಲಿಫೋನ್ ಕಂಪನಿ ಕೊಟ್ಟ ಗುರುತಿನ ನಂಬರು ಹಾಕಿ ಎಂದಿತು. ಕಂಪನಿಗೆ ಫೋನ್ ಮಾಡಿದೆ. ಅಲ್ಲಿನ ಹುಡುಗಿ, "ಈ ದೇಶದಲ್ಲಿ ಅಂಥ ನಂಬರು ಕೊಡುವ ಪದ್ಧತಿಯೇ ಇಲ್ಲ ಸರ್. ನಿಮ್ಮ ಯಂತ್ರ ಅಮೆರಿಕದ್ದೇ?" ಎಂದು ಕೇಳಿದಳು. ಉತ್ತರ ಕೊಡಲು ನಾಚಿಕೆಯಾಗಿ ಫೋನ್ ಇಟ್ಟೆ.

ಆಗ ನನಗೆ ಜ್ಞಾನೋದಯವಾಯಿತು. ಗೋಡೆಯ ಡಬ್ಬಿ ಮಾಡುವ ಕೆಲಸವನ್ನೇ ಪೆಟ್ಟಿಗೆಯ ಹೊಟ್ಟೆಯಲ್ಲಿದ್ದ ಯಂತ್ರವೂ ಮಾಡುತ್ತದೆ! ಒಂದೇ ಕೆಲಸಕ್ಕೆ ಇಬ್ಬರು ಏಕೆ? ಸ್ಕ್ರೂ ಡ್ರೈವರ್ ತಂದು ಕಂಪನಿಯ ಆಸ್ತಿಯನ್ನು ಗೋಡೆಯಿಂದ ಕಿತ್ತು, ತಂತಿಯನ್ನು ನೇರವಾಗಿ ಪೆಟ್ಟಿಗೆಗೆ ಕೊಟ್ಟೆ. ಕಿತ್ತ ರಭಸಕ್ಕೆ ಅದರ ಮೂಲೆ ಮುರಿಯಿತು. ಪುಟ ಹೋಗಲಿಲ್ಲ. ಈಗ ಮನೆಯ ಫೋನೂ ಹೋಗಿತ್ತು.

ಹತ್ತೂವರೆಗೆ ಸುಮಂಗಲಾ ಅಡಿಗೆಮನೆಯಿಂದ ಬಂದು ಕೋಣೆಯ ಬಾಗಿಲಲ್ಲಿ ನಿಂತಳು. ಗೋಡೆ ನೋಡಿದಳು, ನನ್ನ ಕೈ ನೋಡಿದಳು.

"ಇದ್ದದ್ದನ್ನೂ ಕಿತ್ತಿ ಇಟ್ರಿ?"

"ಇನ್ನೊಂದು ಹದಿನೈದು ನಿಮಿಷ ಕೊಡು..."

"ಬ್ಯಾಡ್ರೀ. ಸಾಕಾಗ್ಯದ ನನಗ." ಪುಟವನ್ನು ಡಿಸ್ಕಿಗೆ ಹಾಕಿಕೊಂಡು, ಕೋಟು ಏರಿಸಿ, ಸ್ಟೇಷನ್ನಿಗೆ ನಡೆದಳು. ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಸಂಜೆ ಅನಘಾ ಮತ್ತೆ ಪಕ್ಕದ ಮನೆಗೇ ಹೋದಳು. ಅಪ್ಪ ಮನೆಯಲ್ಲಿದ್ದಾನೆ ಎಂದರೂ ಕೇಳಲಿಲ್ಲ.

ಗುರುವಾರ ಕಂಪನಿಯ ಮನುಷ್ಯ ಬಂದು ಹೊಸ ಡಬ್ಬಿ ಬಡಿಯುತ್ತಾ ಒಂದೇ ಉಸಿರಿನಲ್ಲಿ ಎಲ್ಲ ವಿವರಿಸಿದ. ಅಮೆರಿಕದಲ್ಲಿ ಕಂಪನಿಯವರು ಮನೆಯವರೆಗೆ ಬರೀ ತಂತಿ ಕೊಡುತ್ತಾರೆ, ಡಬ್ಬಿ ಗಿರಾಕಿಯೇ ಕೊಳ್ಳಬೇಕು, ಅದಕ್ಕೇ ಅಲ್ಲಿನ ಪೆಟ್ಟಿಗೆಯಲ್ಲಿ ಅದನ್ನೂ ಸೇರಿಸಿರುತ್ತಾರೆ. ಯುರೋಪಿನಲ್ಲಿ ಡಬ್ಬಿ ಕಂಪನಿಯದೇ. ಅಮೆರಿಕದ ಎಕ್ಸ್‌ಚೇಂಜಿನ ರೀತಿಯೂ ಬೇರೆ, ಇಲ್ಲಿನದೂ ಬೇರೆ. ಅಂದರೆ, ಗೋಡೆಯ ಮೇಲೆ ಇದ್ದದ್ದನ್ನೇ ನಾನು ಸಮುದ್ರದಾಚೆಯಿಂದ ಸ್ವೆಟರಿನಲ್ಲಿ ಸುತ್ತಿ ತರಿಸಿದ್ದೆ.

ಸುಮಂಗಲಾ ಮತ್ತೊಮ್ಮೆ ಅರ್ಜಿ ಹಾಕಬೇಕಾಯಿತು. ಹಿಂದಿನ ಪ್ರಯತ್ನ ಏಕೆ ವಿಫಲವಾಯಿತು ಎಂಬ ಪ್ರಶ್ನೆಗೆ ಲೈನು, ಯಂತ್ರ, ಇತರೆ ಎಂದು ಮೂರು ಚೌಕವಿದ್ದವು. ಅವಳು 'ಇತರೆ'ಗೆ ಗುರುತು ಹಾಕಿ, ಮುಂದೆ 'ಗಂಡ' ಎಂದು ಬರೆದಳು. ಅಂಚೆಗೆ ಹಾಕಿ ಬಂದವನು ನಾನೇ.

ಎಂಟು ತಿಂಗಳು ಕಾದ ಮೇಲೆ ಒಪ್ಪಿಗೆ ಬಂತು. ಕಾರ್ಡು ಹಚ್ಚಲು ಆಫೀಸಿನಿಂದಲೇ ಜನ ಬರುತ್ತಾರೆ, ಆ ಹೊತ್ತಿನಲ್ಲಿ ಪತಿಯವರು ದಯವಿಟ್ಟು ಮನೆಯಲ್ಲಿರಬಾರದು, ಎಂದು ಕೆಳಗೆ ಒಂದು ಸಾಲು. ನಾನು ಆ ದಿನ ಲೈಬ್ರರಿಯಲ್ಲಿ ಕೂತಿದ್ದು, ಶಾಲೆ ಬಿಟ್ಟ ಮೇಲೆಯೇ ಹಿಂದಿರುಗಿ ಬೆಲ್ ಒತ್ತಿದೆ. ಅನಘಾ ಬಾಗಿಲನ್ನು ಅರ್ಧ ತೆರೆದು, ಒಳಗೆ ತಿರುಗಿ ಕೇಳಿದಳು: "ಅಮ್ಮಾ, ಈಸ್ ಹಿ ಅಲೌಡ್ ಇನ್ ನೌ?"

"ತಡಿಯವಾ," ಎಂದಿತು ಒಳಗಿನ ದನಿ. "ಈ ಪುಟ ಒಂದು ಹೋಗ್ಲಿ."

ನಾನು ಹೊರಗೇ ನಿಂತೆ.