ಮುತ್ತಲಗಟ್ಟಿಯ ಹನ್ನೊಂದು ಪಿರಿಯಡ್ಡುಗಳ ಮಹಾಯುದ್ಧ

ಸಕಲ ವಿಘ್ನಗಳನ್ನು ದೂರ ಮಾಡುವ ಗಜಮುಖನೇ, ಕಥೆಯ ಮೊದಲಿಗೆ ನಿನಗೆ ನಮಸ್ಕಾರ. ಭಾದ್ರಪದದ ಚೌತಿಗೆ ನೀನು ಬಂದರೆ ಶಾಲೆಗೆ ಒಂದು ದಿನ ರಜೆ. ನಿನ್ನನ್ನು ಕಳಿಸಿಕೊಟ್ಟ ಮರುದಿನ ಮಕ್ಕಳು ಅರ್ಧಕ್ಕರ್ಧ ಗೈರು. ಹೀಗೆ ವಿಘ್ನನಿವಾರಕನಾದ ನೀನೇ ಗಣಿತದ ಪಾಲಿಗೆ ಒಂದೂವರೆ ದಿನದ ವಿಘ್ನವಾಗಿದ್ದೀಯೆಂದರೆ ಕೋಪಿಸಿಕೊಳ್ಳಬೇಡ. ಯಾರ ಪಾಲಿಗೆ ಎಷ್ಟು ದಿನವೆಂದು ಎಣಿಸಿ ಕೊಡುವವನು ಮೇಲಿದ್ದಾನೆ. ಕೊಟ್ಟದ್ದನ್ನು ಹಂಚಿಕೊಳ್ಳಲಾರದೆ ಬಡಿದಾಡುವವರು ಕೆಳಗಿದ್ದಾರೆ. ಆ ಬಡಿದಾಟಗಳಲ್ಲೊಂದನ್ನು ಈಗ ಕೇಳಿರಿ.

ಎರೆಮಣ್ಣಿನ ನಾಡಿನಲ್ಲಿ, ಮುಂಗಾರು ಬರಲೋ ಬೇಡವೋ ಎಂದು ಮೋಡದ ಮರೆಯಲ್ಲಿ ಯೋಚಿಸುತ್ತಿದ್ದ ಮೇ ತಿಂಗಳ ಕೊನೆಯ ಶನಿವಾರ, ನಾಲ್ಕು ಕೋಣೆ, ಒಂದು ಪಡಸಾಲೆ ಮತ್ತು ಒಂದು ಬೇವಿನ ಮರದಿಂದ ಶೋಭಿಸುವ ಮುತ್ತಲಗಟ್ಟಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೆಂಬ ಮಹಾದುರ್ಗದ ಬಾಗಿಲಲ್ಲಿ ಬಸ್ಸಿಳಿದು ನಿಂತವಳು ಯಾರು? ಲಘುತಮಸಾಮಾನ್ಯಾಪವರ್ತ್ಯವಿಶಾರದೆ, ಭಿನ್ನರಾಶಿಭಯಭಂಜನೆ, ಸುಧಾಖಂಡಧೂಳಿಧೂಸರಿತಹಸ್ತೆ, ಒಂದೇ ನೋಟದಿಂದ ಕೊನೆಯ ಬೆಂಚಿನ ಗದ್ದಲವನ್ನು ಶೂನ್ಯಕ್ಕಿಳಿಸಬಲ್ಲ ಗಣಿತದ ಶಿಕ್ಷಕಿ ನೀಲಾಂಬಿಕಾ. ಊರವರ ಬಾಯಲ್ಲಿ ನೀಲಾಂಬಿಕಾ ಅಕ್ಕೋರು. ಆಕೆಯ ಬಲಗೈಯಲ್ಲಿ ಒಂದಡಿಯ ಕಟ್ಟಿಗೆಯ ಸ್ಕೇಲು ಖಡ್ಗದಂತೆ ಹೊಳೆಯುತ್ತಿತ್ತು. ಎಡಗೈಯಲ್ಲಿ ಊಟದ ಡಬ್ಬಿ ಇತ್ತು.

ಆ ವೀರಮಹಿಳೆಯ ಎದೆಯೊಳಗೆ ಮಾರ್ಚ್ ತಿಂಗಳಿಂದ ಒಂದು ಮುಳ್ಳು ಮುರಿದುಕೊಂಡಿತ್ತು. ಆಕೆಯ ಬಳಿ ಏಳನೆಯ ತರಗತಿ ಮುಗಿಸಿದ ರೇಣವ್ವನೆಂಬ ಹುಡುಗಿ ಪಕ್ಕದ ಊರಿನ ಹೈಸ್ಕೂಲು ಸೇರಿದ್ದಳು. ಅಲ್ಲಿಯ ಗಣಿತದ ಮಾಸ್ತರರು ಘನಕ್ಕೆ ಅಂಚುಗಳೆಷ್ಟು ಎಂದು ಕೇಳಿದಾಗ ಅವಳು ಎದ್ದು ನಿಂತು, “ನಮ್ಮ ಸಾಲ್ಯಾಗ ಘನದ ತನಕಾ ಹೋಗೂದಿಲ್ರಿ ಸರ್. ಅಷ್ಟರಾಗ ಬ್ಯಾಸಗಿ ಸೂಟಿ ಬರ್ತೈತ್ರಿ” ಎಂದಿದ್ದಳು. ಆ ಮಾಸ್ತರರು ಇದನ್ನು ಸುತ್ತಲಿನ ಶಾಲೆಗಳ ಶಿಕ್ಷಕರೆಲ್ಲ ಸೇರಿದ್ದ ಸಭೆಯಲ್ಲಿ ಮೈಕು ಹಿಡಿದು ಹೇಳಿದರು. ನಲವತ್ತು ಜನ ನಕ್ಕರು. ನೀಲಾಂಬಿಕಾಳೂ ತುಟಿಯ ಮಟ್ಟಿಗೆ ನಕ್ಕಳು. ಹುಡುಗಿ ಹೇಳಿದ್ದರಲ್ಲಿ ಸುಳ್ಳೇನಿತ್ತು? ಹತ್ತೊಂಬತ್ತು ವರ್ಷಗಳಿಂದ ಆ ಶಾಲೆಯ ಏಳನೆಯ ತರಗತಿಯಲ್ಲಿ ಹದಿನೈದನೆಯ ಪಾಠವನ್ನು ಯಾರೂ ಕಂಡಿರಲಿಲ್ಲ. ಮಕ್ಕಳು ಮರಳಿಸಿದ ಹಳೆಯ ಪುಸ್ತಕಗಳಲ್ಲಿ ಮೊದಲ ಪಾಠದ ಹಾಳೆಗಳು ಹಪ್ಪಳದಂತೆ ಮುರಿಯುತ್ತಿದ್ದವು. ಘನಾಕೃತಿಗಳ ಹಾಳೆಗಳಿಂದ ಮಾತ್ರ ಇನ್ನೂ ಅಚ್ಚುಮನೆಯ ಪರಿಮಳ ಬರುತ್ತಿತ್ತು. ಅಂದು ಆಕೆ ದೇವರ ಮುಂದೆ ದೀಪ ಹಚ್ಚುವಾಗ ಪ್ರತಿಜ್ಞೆ ಮಾಡಿದ್ದಳು: ಬರುವ ಮಾರ್ಚ್ ಮುಗಿಯುವುದರೊಳಗೆ ತನ್ನ ಮೂವತ್ತೊಂದು ಮಕ್ಕಳೂ ರಟ್ಟಿನ ಘನವನ್ನು ಕೈಯಾರೆ ಮಡಿಸಿ, ಅದರ ಅಂಚುಗಳನ್ನು ಬೆರಳಿಟ್ಟು ಎಣಿಸಬೇಕು.

ಈಗ ಯುದ್ಧದ ರೀತಿಯನ್ನು ಕೇಳಿರಿ. ಮುತ್ತಲಗಟ್ಟಿಯ ಶಾಲೆಯಲ್ಲಿ ವರ್ಷವನ್ನು ಹಂಚಿಕೊಳ್ಳುವುದಕ್ಕೆ ಒಂದು ಪದ್ಧತಿಯಿತ್ತು. ಮುಖ್ಯಗುರುಗಳ ಮೇಜಿನ ಮೇಲೆ ನಾಲ್ಕು ಡ್ರಾಯಿಂಗ್ ಹಾಳೆಗಳನ್ನು ಅಂಟಿಸಿದ ವರ್ಷದ ಹಾಳೆಯನ್ನು ಹಾಸುವರು. ಅದರಲ್ಲಿ ದಿನಕ್ಕೊಂದು ಮನೆ. ರಜೆಯ ಮನೆಗಳಿಗೆ ಕೆಂಪು. ಪ್ರತಿ ದಿನದ ಕೊನೆಯ ಪಿರಿಯಡ್ಡು ಯಾರಿಗೂ ಸೇರಿದ್ದಲ್ಲ. ಬೇಕಾದವರು ಆ ದಿನದ ಮನೆಯಲ್ಲಿ ತಮ್ಮ ಗುರುತು ಇಟ್ಟು ಅದನ್ನು ಗೆಲ್ಲಬೇಕು. ಗಣಿತಕ್ಕೆ ಹುಣಸೆ ಬೀಜ, ಆಟಕ್ಕೆ ಮೈದಾನದ ಹರಳು. ಮುಖ್ಯಗುರುಗಳು ಮುದ್ರೆ ಒತ್ತುವ ತನಕ ಬೀಜವನ್ನೂ ಹರಳನ್ನೂ ಸರಿಸಬಹುದು. ಮುದ್ರೆ ಬಿದ್ದ ಮೇಲೆ ಬ್ರಹ್ಮನೂ ಸರಿಸಲಾರ. ಉಳಿದ ಶಿಕ್ಷಕರು ತಮ್ಮ ಪಾಲನ್ನು ಗುರುತು ಮಾಡಿ ಹೊಸ ಪುಸ್ತಕದ ಕಟ್ಟುಗಳನ್ನು ಎಣಿಸಲು ಹೋಗಿದ್ದರು. ರಣರಂಗ ತೆರವಾಗಿತ್ತು.

ನೀಲಾಂಬಿಕಾ ಹಾಳೆಯ ಮೇಲೆ ಕಣ್ಣು ಹಾಯಿಸಿದಳು. ಮುನ್ನೂರ ಅರವತ್ತೈದು ದಿನಗಳ ಆ ಮಹಾಸೈನ್ಯ ನೋಡನೋಡುತ್ತಿದ್ದಂತೆ ಕರಗುತ್ತ ಹೋಯಿತು. ಭಾನುವಾರಗಳು ಒಂದು ಮಗ್ಗುಲಿನಿಂದ ತಿಂದವು, ಬೇಸಿಗೆ ಮತ್ತೊಂದು ಮಗ್ಗುಲಿನಿಂದ. ದಸರೆ ನಡುವಿಗೇ ಬಾಯಿ ಹಾಕಿತು. ಪರೀಕ್ಷೆಗಳು, ಜಯಂತಿಗಳು, ಶಿಕ್ಷಕರ ತರಬೇತಿಗಳು, ಪ್ರತಿಭಾ ಕಾರಂಜಿಯೆಂಬ ಹಾಡುಕುಣಿತದ ಸ್ಪರ್ಧೆ, ಆ ಸ್ಪರ್ಧೆಗೆ ತಯಾರಿ, ತಯಾರಿಯ ಆಯಾಸ ಪರಿಹಾರ... ಉಳಿದ ದಿನಗಳು ಗಾಯಗೊಂಡ ಕಾಲಾಳುಗಳಂತೆ ಅಲ್ಲಲ್ಲಿ ನಿಂತಿದ್ದವು. ಅವುಗಳ ಮೇಲೆ ಹದಿನೈದು ಪಾಠಗಳು ಸಾಗಬೇಕು. ಮುಂದೆ ಪೂರ್ಣಾಂಕಗಳು, ಹಿಂದೆ ಕುಂಟುತ್ತ ಭಿನ್ನರಾಶಿ, ಮೂರು ಮೂಲೆಗಳ ತ್ರಿಭುಜ, ತಾನು ಯಾರೆಂದು ಹೇಳದ ಸಮೀಕರಣದ ಎಕ್ಸು, ಎಲ್ಲಕ್ಕಿಂತ ಹಿಂದೆ, ಎಂದೂ ಯುದ್ಧವನ್ನೇ ಕಾಣದ ಘನಾಕೃತಿ. ಆಕೆ ಎಣಿಸಿದಳು. ಮತ್ತೆ ಎಣಿಸಿದಳು. ಹನ್ನೊಂದು ಪಿರಿಯಡ್ಡು ಕಡಿಮೆ.

ಹನ್ನೊಂದು ಇದ್ದುದೆಲ್ಲಿ? ಜುಲೈ ಮತ್ತು ಆಗಸ್ಟ್ ತಿಂಗಳ ಮನೆಗಳಲ್ಲಿ ಸಾಲುಸಾಲಾಗಿ ಬಿಳಿ ಹರಳುಗಳು ಕುಳಿತಿದ್ದವು. ಅವುಗಳ ಒಡೆಯ, ಸೀಟಿನಾದಕಂಪಿತದಿಗಂತ, ಖೋಖೋಕ್ರೀಡಾಧುರಂಧರ, ಆಷಾಢಮಾರುತಸಮವೇಗ, ದೈಹಿಕ ಶಿಕ್ಷಕ ಯಮನೂರಪ್ಪ ಮೇಜಿನ ಆಚೆ ಬದಿಗೆ ನಿಂತು ಮೀಸೆಯ ತುದಿಯನ್ನು ಸವರುತ್ತಿದ್ದ.

ಆಗ ನೀಲಾಂಬಿಕಾ ಸ್ಕೇಲನ್ನು ಎತ್ತಿ, ‘ಎಲೈ ಕ್ರೀಡಾಗರ್ವಿತನೇ, ದಿಕ್ಕುಗಳು ನಡುಗುವಂತೆ ಸೀಟಿ ಊದುವವನೇ, ವಿದ್ಯೆಯ ಕಟ್ಟಕಡೆಯ ಕಂದನಾದ ಘನಾಕೃತಿಯು ಹೊಸ್ತಿಲಾಚೆ ನಿಂತು ಅಳುತ್ತಿರಲು ನೀನು ಹನ್ನೊಂದು ಸಂಜೆಗಳನ್ನು ಧೂಳಿಪಟಲ ಮಾಡುವುದು ಧರ್ಮವೇ?’ ಎಂಬರ್ಥದ ಘೋರ ಭಾಷಣವನ್ನು ಮಾಡಿದಳು. ಬಾಯಿಂದ ಹೊರಟ ಮಾತು ಇಷ್ಟು:

“ಯಮನೂರಪ್ಪ ಸರ, ಹನ್ನೊಂದು ಪಿರಿಯಡ್ ನನಗ ಬಿಡ್ರಿ.”

“ಹನ್ನೊಂದಾ? ಅಕ್ಕೋರ, ಹನ್ನೊಂದು ಅಂದ್ರ ನನ್ನ ಖೋ ಖೋದ ಹೆಣಾನ ಎತ್ತಿದಂಗ ಆತು! ನಮ್ಮ ಹುಡುಗ್ಯಾರು ಹೋದ ವರ್ಷ ಒಂದ ಪಾಯಿಂಟಿಗೆ ಸೋತಾರ. ಈ ಸಲ ತಾಲೂಕಿಗೆ ಹೋಗಲಿಲ್ಲಂದ್ರ ಈ ಸೀಟಿ ಬಾವ್ಯಾಗ ಒಗೀತೀನಿ.”

“ಹುಡುಗ್ಯಾರು ಓಡಲಿ, ನಾ ಬ್ಯಾಡ ಅಂದ್ನೇನು? ನನ್ನ ಘನಾನೂ ಒಂದೀಟು ಮುಂದಕ್ಕ ಬರಲಿ ಅಂದೆ.”

“ನಿಮ್ಮ ಘನ ಎಲ್ಲಿ ಓಡಿ ಹೋಗ್ತೈತ್ರಿ? ಅದಕ್ಕೇನು ಕಾಲದಾವ?”

“ಕಾಲಿಲ್ಲ, ಅಂಚದಾವು. ಎಷ್ಟು ಅದಾವು, ನೀವ ಹೇಳ್ರಿ ನೋಡೂಣು.”

ಯಮನೂರಪ್ಪನ ಕಣ್ಣು ಮೇಜಿನ ಮೇಲಿದ್ದ ಸುಣ್ಣದಕಡ್ಡಿಯ ಡಬ್ಬಿಯ ಕಡೆಗೆ ಕಳ್ಳನಂತೆ ಹೊರಳಿತು. “ನಾಕು” ಎಂದ.

“ಮೇಲಿನವು ನಾಕು ಸರಿ. ಕೆಳಗಿನವು, ಮಗ್ಗಲಿನವು ಯಾರ್ ಎಣಸಬೇಕು, ಪಕ್ಕದೂರಿನ ಹೈಸ್ಕೂಲ್ ಮಾಸ್ತರನ?”

ಈ ಬಾಣ ಎದೆಗೆ ನಾಟಿತು. ಆದರೆ ವೀರನು ಬೀಳಲಿಲ್ಲ. ಇನ್ನೂ ಮೂರು ಹರಳುಗಳನ್ನು ಕಿಸೆಯಿಂದ ತೆಗೆದು ಸೆಪ್ಟೆಂಬರಿನಲ್ಲಿ ಇಟ್ಟ. ನೀಲಾಂಬಿಕಾ ಸ್ಕೇಲಿನ ಅಂಚಿನಿಂದ ಅವನ್ನು ಗಣೇಶನ ಹಬ್ಬದ ಕೆಂಪು ಮನೆಗೆ ತಳ್ಳಿದಳು. ಅವನು ಒಂದು ಹುಣಸೆ ಬೀಜವನ್ನು ಬೆರಳಿನಿಂದ ಚಿಮ್ಮಿದ. ಅದು ದಸರೆಯ ರಜೆಯನ್ನೆಲ್ಲ ದಾಟಿ ಹೋಗಿ ನವೆಂಬರಿನಲ್ಲಿ ಬಿತ್ತು. ಆಕೆ ಎರಡೂ ಕೈಗಳಿಂದ ಬೀಜಗಳನ್ನು ಎತ್ತಿ ಜುಲೈ ತಿಂಗಳ ಮೇಲೆ ಸುರಿದಳು. ಕಾದ ಬಾಣಲೆಯಲ್ಲಿ ಸಾಸಿವೆ ಸಿಡಿಯುವಂತೆ ಬೀಜ ಹರಳುಗಳು ಸಿಡಿದವು. ತಿಂಗಳುಗಳು ತಿಂಗಳುಗಳ ಮೇಲೆ ಉರುಳಿದವು. ವರ್ಷಋತುವಿನಲ್ಲಿ ಎದ್ದ ಧೂಳು ಹೇಮಂತವನ್ನು ಮುಚ್ಚಿತು. ಒಂದು ಹರಳು ಹಾರಿ, ಸುತ್ತೋಲೆಸಾಗರಮಧ್ಯಸ್ಥರೂ ಶಾಂತಿಪ್ರಿಯರೂ ಆದ ಮುಖ್ಯಗುರು ಶೇಖರಯ್ಯನವರ ಚಹಾದ ಕಪ್ಪಿನೊಳಗೆ ‘ಟುಳುಂಕ್’ ಎಂದು ಮುಳುಗಿತು.

“ಇಬ್ರೂ ಮದ್ಲ ಕುಂದರ್ರಿ” ಎಂದರು ಶೇಖರಯ್ಯ, ಚಮಚದಿಂದ ಹರಳನ್ನು ತೆಗೆಯುತ್ತ. “ಇದೇನು ಸಾಲಿ ಐತೋ, ಚೌಕಾಬಾರಾ ಆಡೂ ಕಟ್ಟಿ ಐತೋ? ಯವ್ವಾ ನೀಲಾಂಬಿಕಾ, ನಿನ್ನ ಕಡೆ ನ್ಯಾಯ ಐತಿ ಅನಸ್ತೈತಿ. ಖೋ ಖೋದಾಗಿಂದ ಹನ್ನೊಂದು ತಗೊ. ನಾ ಮುದ್ರಿ ಒತ್ತತೀನಿ.”

ಜಯಭೇರಿ ಮೊಳಗಿತು! ಮೊಳಗಿದ್ದು ನೀಲಾಂಬಿಕಾಳ ಕಿವಿಯೊಳಗೆ ಮಾತ್ರ. ಹನ್ನೊಂದು ಅಕ್ಷೌಹಿಣಿಯಂತೆ ಹನ್ನೊಂದು ಬೀಜಗಳನ್ನು ಆಕೆ ಒಂದೊಂದಾಗಿ ಇಟ್ಟಳು. ಯಮನೂರಪ್ಪ ತನ್ನ ಹರಳುಗಳನ್ನು ಎತ್ತಿಕೊಳ್ಳುವಾಗ ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡ. ಒಂದೊಂದು ಹರಳಿಗೆ ಒಂದೊಂದು ಹುಡುಗಿಯ ಹೆಸರಿತ್ತೋ ಏನೋ. ಆಕೆ ಅದನ್ನು ಕಂಡಳು, ಆದರೆ ಪ್ರತಿಜ್ಞೆ ಪ್ರತಿಜ್ಞೆಯೇ.

ಮುದ್ರೆ ಗಾಳಿಯಲ್ಲಿ ಎದ್ದಿತು. ಆಗ ಸೋತ ವೀರ ಗುಡುಗಿದ:

“ತಡೀರಿ ಸರ! ಅಕ್ಕೋರು ಹನ್ನೊಂದು ಕಮ್ಮಿ ಅಂದ್ರು, ನಾವು ಹೂಂ ಅಂದ್ವಿ. ಅವರ ಬರದದ್ದು ನಾ ಒಂದ ಸಲ ನೋಡಬ್ಯಾಡೇನು?”

“ನೋಡ್ರೀಪಾ. ನಿಮಗ ತಿಳಿಯೂದಾದ್ರ ನೋಡ್ರಿ” ಎಂದು ನೀಲಾಂಬಿಕಾ ತನ್ನ ಎರಡು ಕಡತಗಳನ್ನು ಎಸೆದಳು. ಮೇಲಿನ ಕಚೇರಿಯಿಂದ ಸೇತುಬಂಧಕ್ಕೆ ಒಂದು ನಮೂನೆ ಬರುತ್ತಿತ್ತು. ಹಿಂದಿನ ತರಗತಿಯಲ್ಲಿ ಕಲಿತದ್ದನ್ನು ಜೂನ್ ತಿಂಗಳಲ್ಲಿ ಮಕ್ಕಳಿಗೆ ನೆನಪು ಮಾಡಿಕೊಡುವುದಕ್ಕೆ ಸೇತುಬಂಧವೆಂದು ಹೆಸರು. ಪಾಠ ಹಂಚಿಕೆಗೆ ಬೇರೆ ನಮೂನೆ. ಒಂದು ನೀಲಿ ಕಡತ, ಒಂದು ಹಸಿರು ಕಡತ. ಹಿಂದಿನ ವರ್ಷದ್ದನ್ನು ನೋಡಿ ನೀಲಿಯನ್ನು ನೀಲಿಗೆ, ಹಸಿರನ್ನು ಹಸಿರಿಗೆ ನಕಲು ಮಾಡುವುದು ಅಲ್ಲಿಯ ವಾಡಿಕೆ. ಎರಡನ್ನೂ ಪಕ್ಕಪಕ್ಕದಲ್ಲಿ ಬಿಚ್ಚಿಟ್ಟವರು ಹತ್ತೊಂಬತ್ತು ವರ್ಷಗಳಲ್ಲಿ ಒಬ್ಬರೂ ಇರಲಿಲ್ಲ. ಗಣಿತ ಬಾರದ ಯಮನೂರಪ್ಪ ಬಿಚ್ಚಿಟ್ಟ. ಸೀಟಿ ಹಿಡಿಯುವ ಬೆರಳನ್ನು ಒಂದೊಂದೇ ಸಾಲಿನ ಮೇಲೆ ಸರಿಸಿದ.

“ಜೂನ್. ಸೇತುಬಂಧ. ಸಂಖ್ಯಾರೇಖೆ, ಋಣ ಸಂಖ್ಯೆ, ಅವನ್ನ ಕೂಡೂದು, ಕಳಿಯೂದು. ಹೌದಿಲ್ಲೊ?”

“ಹೌದು.”

“ಜುಲೈ. ಮದಲ್ನೇ ಪಾಠ. ಸಂಖ್ಯಾರೇಖೆ, ಋಣ ಸಂಖ್ಯೆ, ಕೂಡೂದು...” ಅವನ ದನಿ ನಿಧಾನವಾಯಿತು. “ಅಕ್ಕೋರ, ಹಾಕ್ಕೊಂಡ ಅಂಗಿ ಮ್ಯಾಲ ಮತ್ತ ಅದ ಅಂಗಿ ಹಾಕ್ಕೊಂಡಂಗ ಆತಲ್ರಿ ಇದು?”

“ಅದು ಸೇತುಬಂಧ, ಇದು ಪಾಠ...” ಎಂದು ನೀಲಾಂಬಿಕಾ ಬಾಯಿ ತೆರೆದಳು. ಮರುಗಳಿಗೆ ಸ್ಕೇಲನ್ನು ಎರಡೂ ಕಡತಗಳ ಸಾಲುಗಳ ಕೆಳಗೆ ಹಿಡಿದು ತಾನೇ ಓದಿದಳು.

ಅಯ್ಯೋ, ಎಂಥ ಅಸ್ತ್ರ! ಶತ್ರುವಿನ ಕೈಯಿಂದ ಬಂದದ್ದು, ತನ್ನದೇ ಬತ್ತಳಿಕೆಯಿಂದ ಹೊರಟದ್ದು! ಸಂಖ್ಯಾರೇಖೆಯ ಮೇಲೆ ಮಕ್ಕಳನ್ನು ಸೊನ್ನೆಯಿಂದ ಎಡಕ್ಕೆ ನಡೆಸಿ, ಬಲಕ್ಕೆ ನಡೆಸಿ, ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಸೊನ್ನೆಗೆ ತಂದು ನಿಲ್ಲಿಸಿದ ಹತ್ತೊಂಬತ್ತು ವರ್ಷಗಳು ಆಕೆಯ ಕಣ್ಣ ಮುಂದೆ ಸಾಲಾಗಿ ನಿಂತವು. ಪ್ರತಿ ಸಾಲಿನ ಕೊನೆಗೂ ಒಬ್ಬ ರೇಣವ್ವ. ಆದರೆ ಯಮನೂರಪ್ಪ ತನ್ನ ಬೆರಳನ್ನು ತಾನೇ ನಂಬಲಾರದೆ, ನೀಲಿಯನ್ನೊಮ್ಮೆ ಹಸಿರನ್ನೊಮ್ಮೆ ನೋಡುತ್ತ ನಿಂತಿದ್ದ ಪರಿ ಹೇಗಿತ್ತೆಂದರೆ, ಆಕೆಗೆ ಅಳುವಿನ ಬದಲು ನಗೆ ಉಕ್ಕಿತು. ನಕ್ಕಳು. ಮೇಜು ಹಿಡಿದು ನಕ್ಕಳು. ಅವನೂ ನಕ್ಕ. ಏನಾಯಿತೆಂದು ಪೂರ್ತಿ ತಿಳಿಯದ ಶೇಖರಯ್ಯನವರು, ಮುದ್ರೆಯನ್ನು ಗಾಳಿಯಲ್ಲೇ ಹಿಡಿದುಕೊಂಡು, ಇಬ್ಬರಿಗಿಂತ ಜೋರಾಗಿ ನಕ್ಕರು.

“ಗುಣಾಕಾರ, ಭಾಗಾಕಾರ ಹೊಸವು. ಅವು ಇರಬೇಕು” ಎಂದು ಆಕೆ ಕಣ್ಣೊರೆಸಿಕೊಂಡು ಪೆನ್ಸಿಲ್ ಓಡಿಸಿದಳು. “ಉಳಿದದ್ದು ತಗದ್ರ... ಒಂಬತ್ತು ಪಿರಿಯಡ್ ಸಿಗ್ತಾವ್ರಿ ಸರ. ನನ್ನ ಕಡೇನ ಇದ್ದುವು.”

ಒಂಬತ್ತು ಹುಣಸೆ ಬೀಜಗಳು ಆಗಸ್ಟ್ ತಿಂಗಳಿಂದ ತಲೆ ತಗ್ಗಿಸಿ ಹಿಂದೆ ಸರಿದವು. ಒಂಬತ್ತು ಹರಳುಗಳು ಮೆರವಣಿಗೆಯಲ್ಲಿ ಮರಳಿ ಬಂದವು. ಇನ್ನೆರಡು ಉಳಿದವು, ಎರಡಕ್ಕಾಗಿ ಮತ್ತೆ ಅವನ ಮೀಸೆಯೂ ಆಕೆಯ ಸ್ಕೇಲೂ ಮೇಲೆದ್ದವು.

“ಒಂದು ನನ್ನ ಮೌಲ್ಯಶಿಕ್ಷಣದ್ದು ತಗೋರಿ” ಎಂದರು ಶೇಖರಯ್ಯ. “ಆ ಹೊತ್ತಿನ್ಯಾಗ ನಾ ಹೆಂಗೂ ಟಪಾಲು ಬರಕೋಂತ ಕುಂತಿರ್ತೀನಿ. ಯಮನೂರಪ್ಪಾ, ನೀ ಒಂದು ಕೊಡು.”

“ಒಂದ. ಅದೂ ಶನಿವಾರದ್ದು.”

“ಶನಿವಾರದ್ದ ಸಾಕ್ರಿ” ಎಂದಳು ನೀಲಾಂಬಿಕಾ. “ಆದ್ರ ಆ ದಿನ ನೀವೂ ಬಂದು ನಮ್ಮ ಹುಡುಗ್ರ ಸಂಗಾಟ ಕುಂದರಬೇಕು. ನಾಕು ಅಂದ್ರಲ್ಲ, ನಿಮ್ಮ ಲೆಕ್ಕದಾಗ ಇನ್ನೂ ಎಂಟು ಬಾಕಿ ಅದಾವು.”

ಹೀಗೆ ಹನ್ನೊಂದು ಪಿರಿಯಡ್ಡುಗಳಿಗಾಗಿ ನಡೆದ, ತಿಂಗಳುಗಳನ್ನೇ ತಲೆಕೆಳಗು ಮಾಡಿದ ಆ ಮಹಾಯುದ್ಧದಲ್ಲಿ ಖೋ ಖೋದ ಸೀಮೆಯಿಂದ ಗೆದ್ದು ತಂದದ್ದು ಒಂದು ಶನಿವಾರದ ನಲವತ್ತು ನಿಮಿಷ. ಈ ಕಥೆಯನ್ನು ಕೇಳಿದವರ ಸುಣ್ಣದಕಡ್ಡಿ ನಡುವೆ ಮುರಿಯದಿರಲಿ, ಹೇಳಿದವರ ದಿನಗಳು ಲೆಕ್ಕಕ್ಕೆ ಸರಿಹೋಗಲಿ.

ಮುದ್ರೆ ಬಿದ್ದಿತು. ಹತ್ತೊಂಬತ್ತು ವರ್ಷಗಳಲ್ಲಿ ಮೊದಲ ಸಲ ಮಾರ್ಚ್ ತಿಂಗಳ ಮನೆಯಲ್ಲಿ ಹದಿನೈದನೆಯ ಪಾಠದ ಹೆಸರು ಬರೆಯಲು ನೀಲಾಂಬಿಕಾ ಶಾಯಿಯ ಪೆನ್ನು ತೆಗೆದು ಕೈ ಮುಗಿದಳು. ಘನಾಕೃತಿಗಳ ಚಿತ್ರಣ ಎಂದು ದೊಡ್ಡದಾಗಿ ಬರೆಯಬೇಕೆಂದಿದ್ದಳು. ಮನೆ ಹೆಬ್ಬೆರಳಿನ ಉಗುರಿನಷ್ಟಿತ್ತು. ‘ಘನ’ ಎಂದಷ್ಟೇ ಹಿಡಿಯಿತು.

ಯಮನೂರಪ್ಪ ಬಗ್ಗಿ ನೋಡಿದ. “ಇಷ್ಟ ಏನ್ರಿ ಅಕ್ಕೋರ?”

“ಇಷ್ಟರೀ” ಎಂದು ಆಕೆ ಶಾಯಿ ಒಣಗಲೆಂದು ಮೆಲ್ಲಗೆ ಊದಿದಳು. ಆಗ ಅಡುಗೆಯ ಹುಲಿಗೆವ್ವ ಉಪ್ಪಿಟ್ಟಿನ ಪಾತ್ರೆ ಹಿಡಿದು ಒಳಗೆ ಬಂದು, “ಆ ಹಾಳಿ ಅತ್ಲಾಗ ತಗೀರಿ, ತಾಟು ಇಡಬೇಕು” ಎಂದಳು.