ಚೌಕಾಸಿ ಮಾಡದ ಗಿರಾಕಿ

ಹೈಸ್ಕೂಲಿನ ದಿನಗಳಲ್ಲಿ ಬಸ್ಸಿನ ಫುಟ್‌ಬೋರ್ಡ್ ಮೇಲೆ ನೇತಾಡುವ ಗೌರವಕ್ಕೆ ನಾನು ತೆತ್ತ ಬೆಲೆ ಒಬ್ಬ ಗೆಳೆಯ. ಈಗ ಕೊಳ್ಳೇಗಾಲದಲ್ಲಿ ಸ್ವಂತ ಸೀರೆ ಅಂಗಡಿ ಇಟ್ಟಿದ್ದೇನೆ, ಚೌಕಾಸಿಯಲ್ಲಿ ನನ್ನನ್ನು ಸೋಲಿಸುವವರು ಕಡಿಮೆ. ಆ ಒಂದು ವ್ಯಾಪಾರದಲ್ಲಿ ಮಾತ್ರ ಹೇಗೆ ಟೋಪಿ ಬಿತ್ತೋ, ಇವತ್ತಿಗೂ ತಿಳಿದಿಲ್ಲ.

ಮಾದೇಶನೂ ನಾನೂ ಹನೂರಿನಿಂದ ಕೊಳ್ಳೇಗಾಲದ ಶಾಲೆಗೆ ಒಂದೇ ಬಸ್ಸಿನಲ್ಲಿ ಬರುತ್ತಿದ್ದವರು. ಬಸ್ಸು ನಿಲ್ಲುವ ಮೊದಲೇ ಅವನು ಕಿಟಕಿಯೊಳಗೆ ಬ್ಯಾಗು ತೂರಿಸಿ ನನಗೂ ಸೀಟು ಹಿಡಿಯುತ್ತಿದ್ದ, ಅದಕ್ಕಾಗಿ ದೊಡ್ಡವರ ಜೊತೆ ಜಗಳಕ್ಕೂ ನಿಲ್ಲುತ್ತಿದ್ದ. ಒಂಬತ್ತನೇ ತರಗತಿಯಲ್ಲಿ ನಮ್ಮ ಶಾಲೆಯವನೇ ಆದ ಕಿರಣನ ಗುಂಪು ಬಾಗಿಲಲ್ಲಿ ನೇತಾಡತೊಡಗಿತು. ಶಾಲೆಯ ಕಣ್ಣೆಲ್ಲ ಅವರ ಮೇಲೆ. ಸೀಟಿನಲ್ಲಿ ಕೂರುವುದು ಮುದುಕರ ಕೆಲಸ ಎಂದು ತೀರ್ಮಾನವಾಯಿತು. ಯಾರು ತೀರ್ಮಾನಿಸಿದರೋ ಗೊತ್ತಿಲ್ಲ, ನಾನಂತೂ ಒಪ್ಪಿ, ಒಂದು ಬೆಳಿಗ್ಗೆ ಅವರ ಜೊತೆ ಬಾಗಿಲಲ್ಲೇ ನೇತುಬಿದ್ದೆ.

"ಲೇ, ಬಾರ್ಲಾ, ಸೀಟ್ ಇಡ್ದಿವ್ನಿ!" ಒಳಗಿನಿಂದ ಮಾದೇಶ ಕೂಗಿದ.

"ಯಾರ್ಲಾ ಅವ್ನು, ನಿನ್ ಎಂಡ್ತಿಯಾ?" ಎಂದ ಕಿರಣ. ಎಲ್ಲರೂ ನಕ್ಕರು. ನಾನೂ ನಕ್ಕು, "ಯಾರೋ, ನಂಗೊತ್ತಿಲ್ಲ ಕಣ್ಲಾ" ಎಂದೆ, ಒಳಗೆ ಕೇಳಿಸುವಷ್ಟು ಗಟ್ಟಿಯಾಗಿ. ಮಾದೇಶ ಜಗಳವಾಡಲಿಲ್ಲ. ಬ್ಯಾಗು ತೆಗೆದು ಒಬ್ಬ ಅಜ್ಜಿಯನ್ನು ಕೂರಿಸಿಕೊಂಡ. ಎಸ್ಸೆಸ್ಸೆಲ್ಸಿ ಮುಗಿಯುವಷ್ಟರಲ್ಲಿ ಕಿರಣನ ಗುಂಪಿಗೆ ನನ್ನ ಹೆಸರೂ ನೆನಪಿರಲಿಲ್ಲ.

ಮೂರು ವಾರದ ಕೆಳಗೆ ಮಾದೇಶ ನನ್ನ ಅಂಗಡಿಗೇ ಬಂದ. ಯಳಂದೂರಿನಲ್ಲಿ ಪಂಪ್‌ಸೆಟ್ ರಿಪೇರಿ ಮಾಡುತ್ತಾನಂತೆ, ತಂಗಿಯ ಮದುವೆಗೆ ಸೀರೆ ಬೇಕಿತ್ತು. "ಏನ್ಲಾ ಮಾದೇಶ!" ಎಂದು ಎದ್ದೇ ನಿಂತೆ.

"ಚೆನ್ನಾಗಿದ್ದೀರಾ ಸಾ?" ಎಂದ.

ಬೈದು ಇಳಿಸಲಿ ಎಂದೇ ಬೆಲೆ ಏರಿಸಿ ಹೇಳಿದೆ. ಅವನು ತೆಪ್ಪಗೆ ಜೇಬಿಗೆ ಕೈ ಹಾಕಿದ.

"ಲೇ, ಕಮ್ಮಿ ಮಾಡು ಅನ್ನಲ್ವೇನ್ಲಾ?"

"ನೀವ್ ಏಳಿದ್ದೇ ಸರಿ ಬುಡಿ ಸಾ."

ನಾನಾಗಿಯೇ ಇಳಿಸಿದೆ. "ಬ್ಯಾಡ ಸಾ, ನಿಮ್ಗೂ ಲಾಸಾಯ್ತದೆ" ಎಂದು ಮೊದಲು ಹೇಳಿದ್ದನ್ನೇ ಕೊಟ್ಟು ಹೊರಟ. ಅಂಗಡಿಯವನು ಇಳಿಸಿ, ಗಿರಾಕಿ ಏರಿಸಿದ ವ್ಯಾಪಾರ ನನ್ನ ಜನ್ಮದಲ್ಲಿ ಅದೊಂದೇ. ಅದು ಮರ್ಯಾದೆಯೋ, ಸಿಟ್ಟೋ, ಇಲ್ಲಾ ಎಲ್ಲ ಮರೆತೇಬಿಟ್ಟಿದ್ದಾನೋ? ಹೆಂಡತಿಯನ್ನು ಕೇಳಿದರೆ, "ಲಾಭ ಬಂತಲ್ಲ, ಇನ್ನೇನು?" ಎಂದಳು.

ಆದ್ದರಿಂದ ನನ್ನ ಸಲಹೆ ಕೇಳಿ. ಗೆಳೆಯ ಇನ್ನೂ ನಿಮ್ಮವನೋ ಎಂದು ತಿಳಿಯಬೇಕಿದ್ದರೆ ಅವನಿಗೆ ಏನಾದರೂ ದುಬಾರಿ ಹೇಳಿ ನೋಡಿ. ಬೈದರೆ ಕಾಫಿ ತರಿಸಿ. ಸುಮ್ಮನೆ ಕೊಟ್ಟರೆ ತಡಮಾಡದೆ ಅವನ ಊರಿನ ಬಸ್ಸು ಹತ್ತಿ, ಹೋಗಿ ತಪ್ಪೊಪ್ಪಿಕೊಳ್ಳಿ. ಮೂರು ವಾರದಿಂದ ಬಂದವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಯಳಂದೂರು ಇಲ್ಲಿಂದ ಬರೀ ಅರ್ಧ ಗಂಟೆಯ ದಾರಿ.