ಭಾತಂಬ್ರಾದ ಒಂಟಿಗಾಲಿ ಗಾಡಿಗಳು

ಹೊತ್ತು ಮೂಡುವ ಮುಂಚೆಯೇ ಮನ್ಮಥಪ್ಪ ತನ್ನ ಗಾಡಿಯ ಒಂದು ಗಾಲಿ ಬಿಚ್ಚಿ ಜೋಳದ ಕಣಕಿಯ ಬಣವಿಯೊಳಗೆ ತುರುಕಿದ. ಔರಾದಿಗೆ ಹೋಗುವ ದಾರಿಯ ಮಾವಿನ ತೋಪಿನಲ್ಲಿ ಸಾಹೇಬರ ಡೇರೆ ಬಿದ್ದಿದೆಯೆಂಬ ಸುದ್ದಿ ಆಗಲೇ ಭಾತಂಬ್ರಾದ ಓಣಿ ಓಣಿಗೆ ಹಬ್ಬಿತ್ತು. ನಿಜಾಮ ಸರಕಾರದ ಸಾಹೇಬರು ಊರೂರು ಸುತ್ತುವ ದೌರೆಗೆ ಬಂದರೆ ಅವರ ಪೆಟ್ಟಿಗೆ ಹೊರಲು ರೈತನ ಗಾಡಿ ಬೇಗಾರಿಗೆ, ಅಂದರೆ ಬಿಟ್ಟಿ ಚಾಕರಿಗೆ, ಹೋಗಲೇಬೇಕು. ಬಾಡಿಗೆ ಕೇಳಿದವನಿಗೆ ಬೈಗುಳ, ಕೇಳದವನಿಗೂ ಬೈಗುಳ.

“ಹೋದ ಸಲ ಬಿತ್ತಿಗಿ ಟೈಮಿಗೆ ಒಯ್ದ್ರು. ಅದರ ಹಿಂದಿನ ಸಲ ಅವ್ವನ ತಿಥಿ ದಿನ ಒಯ್ದ್ರು. ಈ ಸಲ ನಿಜಾಮ ತಾನೇ ಬಂದು ಕೇಳಿದ್ರೂ ಕೊಡಂಗಿಲ್ಲ!” ಎಂದು ಅವನು ಹೆಂಡತಿಗೆ ಹೇಳಿದ.

ಗುರಮ್ಮನಿಗೂ ಅದೇ ಬೇಕಿತ್ತು. ಔರಾದಿನಲ್ಲಿರುವ ಮಗಳು ಶಿವಕಾಂತಾಗೆ ಏಳು ತಿಂಗಳು. ನಾಡಿದ್ದು ಅಮಾವಾಸ್ಯೆ. ಅದು ಕಳೆದರೆ ಎಂಟರಲ್ಲಿ ಬೀಳುತ್ತದೆ, ಎಂಟರಲ್ಲಿ ಬಸುರಿಯನ್ನು ಯಾರೂ ಹೊರಡಿಸುವುದಿಲ್ಲ. ಇವತ್ತು ಅವಳನ್ನು ಕರೆತರಲು ಗಾಡಿ ಹೊರಡದಿದ್ದರೆ ಚೊಚ್ಚಲು ಬಾಣಂತನ ಬೀಗರ ಮನೆಯ ಪಾಲು.

ಆದರೆ ಗಾಲಿ ಹಾಕಿದರೆ ಸಾಹೇಬರ ಚಪರಾಸಿ ಬಾಬುಮಿಯಾ ಹಿಡಿಯುತ್ತಾನೆ, ಗಾಲಿ ಇಲ್ಲದೆ ಹೊರಡುವಂತಿಲ್ಲ. ಡೇರೆ ಏಳಲಿ, ಆಮೇಲೆ ಹೊರಟರಾಯಿತು ಎಂದು ಅವನು ಕಟ್ಟೆಯ ಮೇಲೆ ಕೂತ.

ಪಕ್ಕದ ಮನೆಯ ಮಡೆಪ್ಪ ಗೋಡೆಯ ಮೇಲಿಂದ ಇಣುಕಿ ಇದನ್ನೆಲ್ಲ ನೋಡಿದ್ದ. “ಮಾವಾ, ನಿನ್ನ ಗಾಡಿ ಇಲ್ಲಂದ್ರ ನನ್ನ ಗಾಡಿಗಿ ಬರ್ತಾನಲ್ಲೋ ಆ ಬಾಬುಮಿಯಾ!” ಎಂದವನೇ ತಾನೂ ಒಂದು ಗಾಲಿ ಬಿಚ್ಚಿದ. ಅವನನ್ನು ನೋಡಿ ಎದುರು ಮನೆಯವನು, ಅವನನ್ನು ನೋಡಿ ಹಿಂದಿನ ಓಣಿಯವರು. ಬಿಸಿಲೇರುವ ಹೊತ್ತಿಗೆ ಊರಿನ ಗಾಡಿಗಳೆಲ್ಲ ಕಾಲು ಮುರಿದ ಕೊಕ್ಕರೆಗಳಂತೆ ವಾಲಿ ನಿಂತಿದ್ದವು.

ಚಪರಾಸಿ ಬಾಬುಮಿಯಾ ಬಂದ. ಓಣಿಯ ತುಂಬ ಕಣ್ಣಾಡಿಸಿ ಸೊಂಟದ ಮೇಲೆ ಕೈಯಿಟ್ಟ.

“ಏ ಮನ್ಮಥಪ್ಪಾ, ಒಂದೇ ಗಾಡಿ ಸಾಕು. ನಿನ್ನ ಗಾಲಿ ಎಲ್ಲೋ?”

“ಭಾಲ್ಕಿಗಿ ಕಳಸೀನ್ರಿ, ಬಡಿಗ್ಯಾನ ಕಡಿ.”

“ಎಲ್ಲಾರದೂ ಬಡಿಗ್ಯಾನ ಕಡಿನೇ?”

“ನಮ್ಮೂರಿನ ದಾರಿ ಹ್ಯಾಂಗ ಅದ ನೋಡ್ರಿ. ಸರಕಾರ ರಿಪೇರಿ ಮಾಡಿದ್ರ ಗಾಲಿ ಯಾಕ ಮುರೀತಿದ್ದವು?”

ಬಾಬುಮಿಯಾ ಬಣವಿಗೆ ಒರಗಿ ಬೀಡಿ ಹಚ್ಚಲು ಹೊರಟ. ಅಷ್ಟರಲ್ಲಿ ಮನ್ಮಥಪ್ಪನ ಎತ್ತು ಅದೇ ಬಣವಿಗೆ ಬಾಯಿ ಹಾಕಿ ಒಂದು ಕಟ್ಟು ಕಣಕಿ ಎಳೆಯಿತು. ಗಾಲಿಯ ಕಬ್ಬಿಣದ ಪಟ್ಟಿ ಫಳಕ್ಕನೆ ಹೊರಗೆ ಕಂಡಿತು. ಗುರಮ್ಮ ಓಡಿಬಂದು ಅದರ ಮೇಲೆ ಕೌದಿ ಎಸೆದು, “ಬಿಸಲಿಗಿ ಒಣಗಲಿ ಅಂತ್ರಿ. ಬಣವಿ ಕಡಿ ಬೀಡಿ ಬ್ಯಾಡ್ರಿ ಭಯ್ಯಾ, ಉರಿ ಹತ್ತೀತು!” ಎಂದು ಅವನನ್ನೇ ಗದರಿಸಿದಳು. ಅವನು ಗೊಣಗುತ್ತ ಮುಂದಿನ ಓಣಿಗೆ ಹೋದ.

ಮಧ್ಯಾಹ್ನವಾದರೂ ಡೇರೆ ಏಳಲಿಲ್ಲ. ಗಾಡಿ ಸಿಗದೆ ಡೇರೆ ಏಳುವಂತಿಲ್ಲ, ಡೇರೆ ಏಳದೆ ಮನ್ಮಥಪ್ಪ ಗಾಡಿ ಕಟ್ಟುವಂತಿಲ್ಲ. ಅವನಿಗೆ ಒಳಗೊಳಗೇ ಉರಿಯುತ್ತಿತ್ತು. ಆದರೂ ಸೋಲಲು ಮನಸ್ಸು ಒಪ್ಪಲಿಲ್ಲ.

ಹೊತ್ತು ಇಳಿಯುವಾಗ ಮಡೆಪ್ಪ ಏದುಸಿರು ಬಿಡುತ್ತ ಬಂದ. “ಮಾವಾ, ಗಾಡಿ ಸಿಕ್ತಂತ ಸಾಹೇಬ್ರಿಗಿ! ಔರಾದ ಕಡಿಂದ ಬರ್ಲಿಕತ್ತಿತ್ತಂತ. ತೋಪಿನ ಕಡಿ ಹಿಡದಾರ.”

“ಯಾರ ನಸೀಬೋ ಏನೋ,” ಎಂದು ಮನ್ಮಥಪ್ಪ ನಕ್ಕ.

“ನಿನ್ನ ಅಳಿಯ ವೈಜಿನಾಥಂದು. ಮಾವಗ ತ್ರಾಸು ಯಾಕಂತ ತಾನೇ ಶಿವಕಾಂತಾನ್ನ ಕರಕೊಂಡು ಬರ್ಲಿಕತ್ತಿದ್ದ. ಆಕೀನ್ನ ಇಳಿಸಿ ಕಲ್ಲಿನ ಮ್ಯಾಲ ಕೂಡ್ಸ್ಯಾರ.”

ಮನ್ಮಥಪ್ಪನ ನಗೆ ಅಲ್ಲೇ ಆರಿತು. ಕೌದಿ ಕಿತ್ತೆಸೆದು, ಗಾಲಿ ಎಳೆದು, ತನ್ನ ಕೈಯಾರೆ ಅಚ್ಚಿಗೆ ಹಾಕಿ, ಎತ್ತು ಹೂಡಿ ತೋಪಿಗೆ ಹೊಡೆದ. ಮಗಳು ತುಂಬಿದ ಹೊಟ್ಟೆ ಹಿಡಿದು ಕಲ್ಲಿನ ಮೇಲೆ ಕೂತಿದ್ದಳು. ಅವಳನ್ನು ನೋಡಿ ಅವನ ಕಣ್ಣು ತುಂಬಿಬಂತು.

“ಬಾಬುಮಿಯಾ, ಅಳಿಯಂದು ಬಿಡ್ರಿ. ನಂದು ತಗೋರಿ.”

“ಭಾಲ್ಕಿ ಬಡಿಗ್ಯಾ ಭಾರಿ ಚಾಲಾಕ ಬಿಡಪ್ಪಾ!” ಎಂದ ಬಾಬುಮಿಯಾ.

ಮಗಳನ್ನು ಅಳಿಯ ಗುರಮ್ಮನ ಬಳಿಗೆ ಕರೆದೊಯ್ದ. ಪೆಟ್ಟಿಗೆಗಳು ಮನ್ಮಥಪ್ಪನ ಗಾಡಿ ಏರಿದವು. ಸಾಹೇಬರ ಟಾಂಗಾ ಮುಂದೆ, ಅವನ ಗಾಡಿ ಹಿಂದೆ, ಪೆಟ್ಟಿಗೆಗಳ ಮೇಲೆ ಬಾಬುಮಿಯಾ. ಬೀದರದ ದಾರಿ ಹಿಡಿದರು.

“ಏನದರಿ ಇದ್ರಾಗ, ಇಷ್ಟು ವಜನ?” ಎಂದು ಮನ್ಮಥಪ್ಪ ಕೇಳಿದ.

“ಬೇಗಾರಿ ಬಂದ್ ಮಾಡೋ ಕಾಗದ. ಯಾರ ಗಾಡಿ ಜುಲುಮಿಲೆ ಹಿಡದಾರ ಅಂತ ಸಾಹೇಬ್ರು ಊರೂರಿಗಿ ಹೋಗಿ ಫಿರ್ಯಾದಿ ಕೇಳ್ತಾರ. ನಿಮ್ಮೂರಾಗ ಮುಂಜಾನಿಂದ ಕುರ್ಚಿ ಹಾಕ್ಕೊಂಡು ಕೂತಿದ್ರು, ಒಬ್ಬನೂ ಬರ್ಲಿಲ್ಲ.”

ಮನ್ಮಥಪ್ಪ ಗಕ್ಕನೆ ಗಾಡಿ ನಿಲ್ಲಿಸಿದ. “ಡಂಗುರ ಯಾಕ ಸಾರಲಿಲ್ರಿ?”

“ಸಾರಬೇಕಾದಾವ ನಾನೇ. ದಿನಾ ಪೂರಾ ಗಾಡಿ ಹುಡಕೋದ್ರಾಗೇ ಹೋಯ್ತು. ಭಾತಂಬ್ರಾದಾಗ ಬೇಗಾರಿ ಇಲ್ಲ, ರೈತರು ಖುಷಿಲೆ ಗಾಡಿ ತಂದು ಕೊಡ್ತಾರ ಅಂತ ಸಾಹೇಬ್ರು ಬರದು ಪೆಟ್ಟಿಗಿಗಿ ಬೀಗ ಹಾಕ್ಯಾರ.”

ಮನ್ಮಥಪ್ಪ ಗಾಡಿಯ ಮೂಕಿಯ ಮೇಲೆ ಎದ್ದು ನಿಂತು ಊರಿಗೆಲ್ಲ ಕೇಳುವಂತೆ ಕೂಗಿದ. “ಸಾಹೇಬ್ರ! ಇದೇ ಬೇಗಾರಿ ನೋಡ್ರಿ! ನಂದೊಂದು ಫಿರ್ಯಾದಿ ಬರ್ಕೋರಿ!”

ಟಾಂಗಾ ನಿಲ್ಲಲಿಲ್ಲ.

“ಕೂಡಪ್ಪಾ, ಬಿದ್ದೀ,” ಎಂದ ಬಾಬುಮಿಯಾ. “ಡೇರೆ ಇದ್ದಾಗ ಬಂದು ಹೇಳಬೇಕು, ಅದು ಕಾಯ್ದಾ. ಇನ್ನ ಮುಂದಿನ ಸಲ ಹೇಳು.”

“ಹೇಳ್ತೇನಿ! ಬಿಡ್ತೇನೇನು? ಆದ್ರ ಫಿರ್ಯಾದಿ ಕೇಳೋ ಸಾಹೇಬ್ರು ಬಂದಾರ ಅಂತ ನನಗ ಹ್ಯಾಂಗ ಗೊತ್ತಾಗಬೇಕು?”

ಬಾಬುಮಿಯಾ ಪೆಟ್ಟಿಗೆಯ ಮೇಲೆ ಆರಾಮಾಗಿ ಕಾಲು ಚಾಚಿದ.

“ನಿನ್ನ ಗಾಡಿ ಹಿಡೀಲಿಕ್ಕಿ ನಾನೇ ಬರ್ತೇನಲ್ಲೋ.”